ಮೊದಲು ಒಂದು ಚಿಂದಿ

ಆಸ್ಪತ್ರೆಯ ಮೂರನೆಯ ಮಹಡಿಯ ಪ್ರಯೋಗಾಲಯದಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಕತ್ತರಿ ಅಕ್ಕ. ಮೂವತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕಿಟಕಿ, ಬೆನ್ನ ಹಿಂದೆ ಸದಾ ಗೊಣಗುವ ಅದೇ ಫ್ರೀಜರ್. ಬಂದ ಹೊಸದರಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಆಮೇಲೆ ನೋಡಿ ನೋಡಿ ಕಲಿತು, ಪರೀಕ್ಷೆ ಕಟ್ಟಿ ಪಾಸಾಗಿ, ತಂತ್ರಜ್ಞೆ ಎಂಬ ಬಿಲ್ಲೆಯನ್ನು ಬಿಳಿ ಕೋಟಿಗೆ ಸಿಕ್ಕಿಸಿಕೊಂಡಳು. ತೊಳೆಯುವ ಕಾಲದಲ್ಲಿ ತನ್ನ ಕೈಯಿಂದ ಒಂದು ಬೀಕರೂ ಒಡೆದಿಲ್ಲ ಎಂದು ಆಗಾಗ ನೆನಪಿಸುತ್ತಿದ್ದಳು. ಯಾರೂ ಕೇಳದಿದ್ದರೂ ನೆನಪಿಸುತ್ತಿದ್ದಳು.

ಕತ್ತರಿ ಎಂಬ ಹೆಸರು ಅಂಟಿಕೊಳ್ಳಲು ಅವಳು ದರ್ಜಿಯ ಮಗಳಾಗಿದ್ದದ್ದು ಒಂದು ಕಾರಣ. ಇನ್ನೊಂದು, ಅವಳ ಕೆಲಸವೇ ಕತ್ತರಿಸುವುದು. ಬಟ್ಟೆಯನ್ನಲ್ಲ, ಡಿಎನ್‌ಎಯನ್ನು. ಡಿಎನ್‌ಎ ಎಂದರೆ ನಾಲ್ಕೇ ನಾಲ್ಕು ಅಕ್ಷರಗಳನ್ನು ಹಿಂದೆಮುಂದೆ ಮಾಡಿ ಬರೆದ ಉದ್ದನೆಯ ಸಾಲು ಎಂದು ತರಬೇತಿಗೆ ಬಂದವರಿಗೆ ಹೇಳಿಕೊಡುತ್ತಿದ್ದಳು. ಆ ಸಾಲನ್ನು ಕತ್ತರಿಸಲು ಎಂಜೈಮುಗಳಿವೆ. ಒಂದೊಂದಕ್ಕೂ ಒಂದೊಂದು ಹಟ. ತನಗೆ ಬೇಕಾದ ನಾಲ್ಕಾರು ಅಕ್ಷರ ಅದೇ ಕ್ರಮದಲ್ಲಿ ಸಿಕ್ಕರೆ ಕತ್ತರಿಸುತ್ತದೆ, ಒಂದಕ್ಷರ ಬೇರೆಯಾದರೂ ಮುಟ್ಟುವುದಿಲ್ಲ. ಈ ಹಟವೇ ಪ್ರಯೋಗಾಲಯದ ಬಂಡವಾಳ. ವಂಶದ ಕಾಯಿಲೆ ಇರುವವರ ಸಾಲಿನಲ್ಲಿ ಒಂದಕ್ಷರ ಬದಲಾಗಿರುತ್ತದೆ. ಸರಿಯಾದ ಎಂಜೈಮ್ ಆರಿಸಿಕೊಂಡರೆ ಅದು ಬದಲಾದ ಸಾಲನ್ನು ತುಂಡು ಮಾಡಿ, ಬದಲಾಗದ್ದನ್ನು ಇಡಿಯಾಗಿ ಬಿಡುತ್ತದೆ. ಆಮೇಲೆ ಜೆಲ್ ಎಂಬ ಮೆತ್ತನೆಯ ಹಲಗೆಯೊಳಗೆ ಕರೆಂಟು ಹರಿಸಿದರೆ ಚಿಕ್ಕ ತುಂಡುಗಳು ಮುಂದೆ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ, ದೀಪದಡಿ ಹಿಡಿದರೆ ಗೆರೆಗೆರೆಯಾಗಿ ಹೊಳೆಯುತ್ತವೆ. ವಿದ್ಯೆ ಇಷ್ಟೇ, ಉಳಿದದ್ದೆಲ್ಲ ತಾಳ್ಮೆ ಎನ್ನುತ್ತಿದ್ದಳು ಅಕ್ಕ.

ತಾಳ್ಮೆ ಅವಳಿಗೆ ಬಂದದ್ದು ಅಪ್ಪನ ಅಂಗಡಿಯಿಂದ. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿ, ಎರಡು ಹೊಲಿಗೆ ಯಂತ್ರ ಹಾಕಿದರೆ ಮೂರನೆಯ ಮನುಷ್ಯ ನಿಲ್ಲಲು ಜಾಗವಿಲ್ಲದ ಅಂಗಡಿ ಅದು. ಗಿರಾಕಿಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಪ್ಪ ಮೇಜಿನ ಕೆಳಗಿನ ಡಬ್ಬಿಯಿಂದ ಒಂದು ಚಿಂದಿ ತೆಗೆದು ಕಚಕ್ಕನೆ ಕತ್ತರಿಸಿ ನೋಡುತ್ತಿದ್ದ. ದಿನಕ್ಕೆ ಹತ್ತು ಬಟ್ಟೆ ಇದ್ದರೆ ಹತ್ತು ಸಲ. ಈಗಷ್ಟೇ ನೋಡಿದೆಯಲ್ಲಪ್ಪ ಎಂದು ಮಕ್ಕಳು ನಕ್ಕರೆ, ಕತ್ತರಿ ಕೆಟ್ಟಿದೆ ಅನ್ನೋದು ಗಿರಾಕಿಯ ಬಟ್ಟೆ ಮೇಲೆ ಗೊತ್ತಾಗಬಾರದು ಎಂದು ಹೇಳುತ್ತಿದ್ದ. ಅವನ ನಂತರ ಅಂಗಡಿ ಅಣ್ಣನಿಗೆ ಹೋಯಿತು. ಚಿಂದಿಯ ಪಾಠವನ್ನು ಮಾತ್ರ ತಂಗಿ ತನ್ನ ಜೊತೆ ಪ್ರಯೋಗಾಲಯಕ್ಕೆ ತಂದಳು.

ಅಲ್ಲಿ ಅವಳ ಕಟ್ಟುನಿಟ್ಟು ಹೀಗಿತ್ತು: ಯಾರದೇ ರಕ್ತ ಬರಲಿ, ಕಾಯಿಲೆ ಇರುವುದು ಖಚಿತವಾದ ಹಳೆಯ ಸ್ಯಾಂಪಲ್ ಒಂದನ್ನು ಪಕ್ಕದಲ್ಲೇ ಅದೇ ಎಂಜೈಮಿನಿಂದ ಕತ್ತರಿಸಿ ನೋಡಬೇಕು. ಅದು ತುಂಡಾದರೆ ಎಂಜೈಮಿಗೆ ಜೀವವಿದೆ ಎಂದರ್ಥ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ, ಇನ್ನೊಂದು ದಿನ ಎಲ್ಲವನ್ನೂ ಮತ್ತೆ ಮೊದಲಿಂದ ಮಾಡಬೇಕು. ರಿಜಿಸ್ಟರಿನಲ್ಲಿ ಪ್ರತಿ ನಂಬರಿನ ಮುಂದೆ ಎರಡು ಗುರುತು, ಮೊದಲ ದಿನದ್ದು ನೀಲಿ, ಎರಡನೆಯ ದಿನದ್ದು ಕೆಂಪು. ಎರಡೂ ಬೀಳದೆ ವರದಿ ಬಾಗಿಲು ದಾಟುವಂತಿಲ್ಲ. ದೊಡ್ಡ ಡಾಕ್ಟರೇ ಬಂದು ಅವಸರ ಮಾಡಿದರೂ ಅಕ್ಕ ಕನ್ನಡಕದ ಮೇಲಿನಿಂದ ಒಂದು ನೋಟ ನೋಡುತ್ತಿದ್ದಳು. ಅವರು ಬಂದ ದಾರಿ ಹಿಡಿಯುತ್ತಿದ್ದರು.

ಆ ಪ್ರಯೋಗಾಲಯಕ್ಕೆ ಹೆಚ್ಚಾಗಿ ಬರುತ್ತಿದ್ದದ್ದು ಮೈಯಲ್ಲಿ ಕಬ್ಬಿಣ ಕೂಡಿಕೊಳ್ಳುವ ಕಾಯಿಲೆಯ ಅನುಮಾನ ಇದ್ದವರ ರಕ್ತ. ಊಟದೊಳಗಿನ ಕಬ್ಬಿಣ ಅಗತ್ಯಕ್ಕಿಂತ ಹೆಚ್ಚಾಗಿ ಮೈಸೇರಿ, ಯಕೃತ್ತಿನಲ್ಲಿ, ಕೀಲುಗಳಲ್ಲಿ ಜಮೆಯಾಗುತ್ತ ಹೋಗುವ ಕಾಯಿಲೆ ಅದು. ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಸಾಲು ಬಂದಿದ್ದವರಿಗೆ ತೊಂದರೆ. ಒಬ್ಬರಿಂದ ಮಾತ್ರ ಬಂದಿದ್ದರೆ ಭಯವಿಲ್ಲ. ಬೇಗ ತಿಳಿದರೆ ಮದ್ದು ತೀರಾ ಸುಲಭ. ಆಗಾಗ ಒಂದಿಷ್ಟು ರಕ್ತ ತೆಗೆಸಿಕೊಂಡರಾಯಿತು, ರಕ್ತದ ಜೊತೆ ಕಬ್ಬಿಣವೂ ಹೋಗುತ್ತದೆ. ತಡವಾದರೆ ಯಕೃತ್ತು ಕೈಕೊಡುತ್ತದೆ.

ಅವಳ ಅಪ್ಪ ಹೋದದ್ದು ಯಕೃತ್ತು ಕೆಟ್ಟೇ. ಕೊನೆಗಾಲದಲ್ಲಿ ಅವನ ಮೈಬಣ್ಣ ಹಳೆಯ ಹಿತ್ತಾಳೆಯ ಹಾಗಾಗಿತ್ತು. ಇದೇ ಕಾಯಿಲೆ ಇದ್ದಿರಬಹುದು ಎಂದು ಡಾಕ್ಟರೊಬ್ಬರು ಅಂದಾಜು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅಕ್ಕ ಮೊದಲು ತನ್ನ ರಕ್ತ ನೋಡಿಕೊಂಡಳು. ಒಂದೇ ಕಡೆಯಿಂದ ಬಂದಿತ್ತು. ಆಮೇಲೆ ಅಣ್ಣನನ್ನು ಹಿಡಿದು ತಂದಳು. ಅಣ್ಣನಿಗೆ ರಕ್ತ ತೆಗೆಯುವ ಸೂಜಿ ಎಂದರೆ ಪ್ರಾಣಭಯ. ಬೆಳಗಿನಿಂದ ಸಂಜೆಯ ತನಕ ಸೂಜಿ ಹಿಡಿಯುವ ದರ್ಜಿ ಸೂಜಿಗೆ ಹೆದರುವುದೇ ಎಂದು ನರ್ಸುಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನ ಜೆಲ್ಲಿನಲ್ಲಿ ಬಂದದ್ದು ಒಂದೇ ದಪ್ಪ ಗೆರೆ, ಎಲ್ಲೂ ತುಂಡಾಗದ ಇಡೀ ಸಾಲು. ಬದಲಾವಣೆ ಇಲ್ಲ. ಅಪ್ಪನಿಗೆ ಈ ಕಾಯಿಲೆ ಇದ್ದಿದ್ದರೆ ಮಕ್ಕಳಿಬ್ಬರಿಗೂ ಬದಲಾದ ಸಾಲು ಒಂದಾದರೂ ಬರಲೇಬೇಕಿತ್ತು, ಅಣ್ಣನಿಗೆ ಒಂದೂ ಬಂದಿಲ್ಲ, ಅಂದಮೇಲೆ ಅಪ್ಪನದು ಬೇರೇನೋ ಇದ್ದಿರಬೇಕು ಎಂದು ಅವಳು ಲೆಕ್ಕ ಹಾಕಿ ಮನಸ್ಸು ಹಗುರ ಮಾಡಿಕೊಂಡಳು. ಅಣ್ಣ ಆ ವರದಿಯನ್ನು ಹೊಲಿಗೆ ಯಂತ್ರದ ಖಾನೆಯಲ್ಲಿ ಬಾಬಿನುಗಳ ಕೆಳಗೆ ಜೋಪಾನವಾಗಿಟ್ಟ. ಇದು ಒಂಬತ್ತು ವರ್ಷದ ಹಿಂದಿನ ಮಾತು.

ಈ ವರ್ಷ, ನಿವೃತ್ತಿಗೆ ಇನ್ನು ಹದಿಮೂರು ತಿಂಗಳಿದೆ ಎನ್ನುವಾಗ, ಅಷ್ಟು ಕಾಲ ಬಳಸಿದ ಆ ಎಂಜೈಮನ್ನು ತಯಾರಿಸುವವರು ನಿಲ್ಲಿಸಿಬಿಟ್ಟರು. ಅದರ ಜಾಗಕ್ಕೆ ಬೇರೊಂದನ್ನು ಹುಡುಕಬೇಕಾಯಿತು. ಹಿಂದೆಲ್ಲ ಇಂಥ ಕೆಲಸ ಬಂದರೆ ಅಕ್ಕ ಅಕ್ಷರಗಳ ಸಾಲನ್ನು ಉದ್ದ ಕಾಗದದ ಮೇಲೆ ಅಚ್ಚು ಹಾಕಿಸಿ, ಪಕ್ಕದಲ್ಲಿ ಎಂಜೈಮುಗಳ ದಪ್ಪ ಪುಸ್ತಕ ಇಟ್ಟುಕೊಂಡು, ಅಡಿಕೋಲು ಪೆನ್ಸಿಲು ಹಿಡಿದು ವಾರಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಹುಡುಕುತ್ತಿದ್ದಳು. ಹೊಸದಾಗಿ ಬಂದ ಮುಖ್ಯಸ್ಥೆ, ಅಕ್ಕನ ಅರ್ಧ ವಯಸ್ಸಿನ ಮೇಡಂ, ಅದನ್ನು ಕೇಳಿ ನಗದೆ ಸುಮ್ಮನಿದ್ದದ್ದು ಅವರ ಒಳ್ಳೆಯತನ. ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಸಾಫ್ಟ್‌ವೇರ್ ತೆರೆದು ತೋರಿಸಿದರು. ಮೇಲಿನ ಚೌಕದಲ್ಲಿ ಸರಿಯಾದ ಸಾಲು, ಕೆಳಗಿನ ಚೌಕದಲ್ಲಿ ಬದಲಾದ ಸಾಲು ಹಾಕಿ ಒಂದು ಗುಂಡಿ ಒತ್ತಿದರೆ, ಎರಡನ್ನೂ ಬೇರೆ ಮಾಡಿ ತೋರಿಸಬಲ್ಲ ಎಂಜೈಮುಗಳ ಪಟ್ಟಿ ಕಣ್ಣು ಮಿಟುಕಿಸುವುದರೊಳಗೆ ಬಿತ್ತು. ಹದಿನಾಲ್ಕು ಹೆಸರು. ಹೆಸರುಗಳೋ, ವಾಹನಗಳ ನಂಬರ್ ಪ್ಲೇಟಿನ ಹಾಗೆ. ಪ್ರತಿಯೊಂದರ ಎದುರಿಗೆ ಎಲ್ಲಿ ಕತ್ತರಿಸುತ್ತದೆ, ಎಷ್ಟೆಷ್ಟು ಅಕ್ಷರದ ತುಂಡು ಬೀಳುತ್ತದೆ ಎಂಬ ವಿವರ. ತನ್ನ ಪೆನ್ಸಿಲು ಸವೆಸಿದ ವರ್ಷಗಳನ್ನು ನೆನೆದು ಅಕ್ಕನಿಗೆ ಒಂದು ಗಳಿಗೆ ಹೊಟ್ಟೆ ಉರಿಯಿತು. ಆಮೇಲೆ ಹೊಸ ಆಟಿಕೆ ಸಿಕ್ಕವಳ ಹಾಗೆ ಮಧ್ಯಾಹ್ನದ ಊಟ ಮರೆತು ಕೂತಳು.

ಸಾಫ್ಟ್‌ವೇರ್ ಪಟ್ಟಿಯ ತಲೆಯಲ್ಲಿ ಇಟ್ಟಿದ್ದದ್ದು ಬದಲಾದ ಸಾಲನ್ನು ಒಂದೇ ಕಡೆ ಕತ್ತರಿಸಿ, ಸರಿಯಾದದ್ದನ್ನು ಮುಟ್ಟದೆ ಬಿಡುವ ಎಂಜೈಮನ್ನು. ಹಳೆಯದೂ ಹಾಗೇ ಕೆಲಸ ಮಾಡುತ್ತಿತ್ತು. ಮೇಡಂ ಅದನ್ನೇ ತರಿಸೋಣ ಎಂದರು. ಅಕ್ಕ ಮಾತ್ರ ಕೆಳಗೆ ಕೆಳಗೆ ಇಳಿಯುತ್ತ ಹನ್ನೊಂದನೆಯದರ ಮೇಲೆ ಬೆರಳಿಟ್ಟಳು.

“ಮೊದಲನೇದೇ ಆಗುತ್ತಲ್ಲ ಅಕ್ಕ,” ಎಂದರು ಮೇಡಂ. “ಒಂದು ತುಂಡಾಗುತ್ತೆ, ಒಂದು ಆಗಲ್ಲ. ಇದಕ್ಕಿಂತ ಸುಲಭ ಇನ್ನೇನು ಬೇಕು?”

“ಆಗಲ್ಲ ಅನ್ನೋದೇ ತೊಂದರೆ ಮೇಡಂ. ಸಾಲು ಚೆನ್ನಾಗಿದ್ರೂ ತುಂಡಾಗಲ್ಲ, ಎಂಜೈಮ್ ಸತ್ತಿದ್ರೂ ತುಂಡಾಗಲ್ಲ. ಜೆಲ್ಲಲ್ಲಿ ಎರಡೂ ಒಂದೇ ಥರ ಕಾಣುತ್ತೆ.”

ಅದಕ್ಕೇ ಅಲ್ಲವೇ ಪಕ್ಕದಲ್ಲಿ ಹಳೆಯ ಸ್ಯಾಂಪಲ್ ಇಟ್ಟು ನೋಡುವುದು ಎಂದು ಮೇಡಂ ಕೇಳಿದರು. ಪಕ್ಕದ ಟ್ಯೂಬಿನಲ್ಲಿ ಎಂಜೈಮ್ ಕೆಲಸ ಮಾಡಿದರೆ ಈ ಟ್ಯೂಬಿನಲ್ಲೂ ಮಾಡಿದೆ ಎಂದು ಯಾರು ಹೇಳಿದರು ಎಂದು ಅಕ್ಕ ತಿರುಗಿ ಕೇಳಿದಳು. ಹನ್ನೊಂದನೆಯ ಎಂಜೈಮ್ ಹಾಗಲ್ಲ. ಪರೀಕ್ಷೆಗೆಂದು ಬೇರ್ಪಡಿಸಿಕೊಳ್ಳುವ ನಾನೂರ ಇಪ್ಪತ್ತು ಅಕ್ಷರದ ಸಾಲನ್ನು, ಬದಲಾಗಿರಲಿ ಬಿಡಲಿ, ಅದು ಒಂದು ಕಡೆ ಕತ್ತರಿಸಿಯೇ ತೀರುತ್ತದೆ: ಇನ್ನೂರ ಅರವತ್ತರದ್ದೊಂದು ತುಂಡು, ನೂರ ಅರವತ್ತರದ್ದೊಂದು. ಬದಲಾದ ಸಾಲಾಗಿದ್ದರೆ ಆ ನೂರ ಅರವತ್ತನ್ನು ಮತ್ತೆ ಕತ್ತರಿಸಿ ನೂರ ಹದಿನೆಂಟು, ನಲವತ್ತೆರಡು ಮಾಡುತ್ತದೆ. ಮೊದಲ ಕತ್ತರಿ ಬಿದ್ದಿಲ್ಲದಿದ್ದರೆ ಎಂಜೈಮ್ ಸತ್ತಿದೆ ಎಂದು ಅದೇ ಟ್ಯೂಬು ಬಾಯಿಬಿಟ್ಟು ಹೇಳುತ್ತದೆ. ಗಿರಾಕಿಯ ಬಟ್ಟೆಯ ಅಂಚಿಗೇ ಚಿಂದಿ ಹೊಲಿದು ಕೊಟ್ಟಂತೆ. ಮೇಡಂ ಸ್ವಲ್ಪ ಹೊತ್ತು ಪರದೆ ನೋಡಿದರು, ಆಮೇಲೆ ಅಕ್ಕನನ್ನು ನೋಡಿದರು, ಹನ್ನೊಂದನೆಯದನ್ನೇ ತರಿಸಿದರು.

ಹೊಸ ಎಂಜೈಮ್ ಬಂದ ಮೇಲೆ ಅದನ್ನು ಪರೀಕ್ಷೆಗೆ ಒಡ್ಡಬೇಕಿತ್ತು. ಫ್ರೀಜರಿನಲ್ಲಿ ವರ್ಷಗಳಿಂದ ಕಾಪಿಟ್ಟ ಹಳೆಯ ಸ್ಯಾಂಪಲುಗಳಲ್ಲಿ ಕಾಯಿಲೆ ಖಚಿತವಾದ ಐದು, ಏನೂ ಇಲ್ಲವೆಂದು ವರದಿ ಹೋದ ಐದು ಆರಿಸಿ ಕೊಡಿ ಎಂದು ಮೇಡಂ ಹೇಳಿದರು. ಟ್ಯೂಬುಗಳ ಮೇಲೆ ಬರೀ ನಂಬರು. ಹೆಸರು ಇರುವುದು ಅಕ್ಕನ ವಶದ ರಿಜಿಸ್ಟರಿನಲ್ಲಿ. ಏನೂ ಇಲ್ಲದವರ ಪೈಕಿ ಅವಳ ಕೈ ತಾನಾಗಿ ನಾನೂರ ಹದಿನೇಳರ ಮೇಲೆ ಹೋಯಿತು. ಅದು ಅಣ್ಣನದು. ಹೊಸ ಕೆಲಸ ಅಣ್ಣನ ಟ್ಯೂಬಿನಿಂದ ಶುರುವಾಗಲಿ ಎಂಬ ಆಸೆ, ಬೇರೇನಿಲ್ಲ.

ಅವನ ನೆನಪು ಬಂದದ್ದಕ್ಕೆ ಇನ್ನೂ ಒಂದು ಕಾರಣವಿತ್ತು. ಎರಡು ವರ್ಷದಿಂದ ಅಣ್ಣನ ಬೆರಳ ಗೆಣ್ಣುಗಳು ಊದಿಕೊಂಡು ಕತ್ತರಿ ಹಿಡಿಯಲಾಗುತ್ತಿರಲಿಲ್ಲ. ಈಗ ಬಟ್ಟೆ ಕತ್ತರಿಸುವುದು ಅತ್ತಿಗೆ, ಹೊಲಿಯುವುದಷ್ಟೇ ಅವನು. ಸುಸ್ತು ಬೇರೆ. ಕಸುಬಿನ ಸವೆತ, ವಯಸ್ಸು ಎಂದು ಎಲ್ಲರೂ ಅಂದುಕೊಂಡಿದ್ದರು. ಡಾಕ್ಟರು ಎರಡು ಸಲ ರಕ್ತ ಪರೀಕ್ಷೆ ಬರೆದುಕೊಟ್ಟಾಗ, ನನ್ನ ತಂಗಿಯೇ ನೋಡಿದ್ದಾಳೆ, ಇನ್ನೇನು ನೋಡೋದಿದೆ ಎಂದು ಅವನು ಚೀಟಿಯನ್ನು ಖಾನೆಗೆ ಸೇರಿಸಿದ್ದ.

ಮರುದಿನ ಮಧ್ಯಾಹ್ನ ಜೆಲ್ ದೀಪದ ಮೇಲೇರಿತು. ಹತ್ತೂ ಸ್ಯಾಂಪಲಿನಲ್ಲಿ ಇನ್ನೂರ ಅರವತ್ತರ ಗೆರೆ ಒಂದೇ ಮಟ್ಟದಲ್ಲಿ ನಿಂತಿತ್ತು. ಎಂಜೈಮ್ ಹತ್ತರಲ್ಲೂ ಕೆಲಸ ಮಾಡಿದೆ. ಕಾಯಿಲೆಯ ಐದರಲ್ಲಿ ನೂರ ಹದಿನೆಂಟರ ಗೆರೆ. ಏನೂ ಇಲ್ಲದ ನಾಲ್ಕರಲ್ಲಿ ನೂರ ಅರವತ್ತರ ಗೆರೆ. ಐದನೆಯದರಲ್ಲಿ ನೂರ ಅರವತ್ತು ಇರಲಿಲ್ಲ. ಅಲ್ಲಿದ್ದದ್ದು ನೂರ ಹದಿನೆಂಟು, ಅದರ ಮುಂದೆ ಮಸುಕಾಗಿ ನಲವತ್ತೆರಡು. ಅದು ನಾನೂರ ಹದಿನೇಳು.

ಮೇಡಂ ಫೋಟೊ ತೆಗೆದುಕೊಳ್ಳುತ್ತ, ಹತ್ತರಲ್ಲಿ ಒಂಬತ್ತು ಸರಿಯಾಗಿದೆ, ಇದೊಂದು ಟ್ಯೂಬಿಗೆ ಎಂದೋ ಲೇಬಲ್ ಅದಲುಬದಲಾಗಿರಬೇಕು, ಇದನ್ನು ಬಿಟ್ಟು ಬೇರೆ ತೆಗೆದುಕೊಂಡು ಇನ್ನೊಮ್ಮೆ ಮಾಡಿ ಎಂದು ಸಹಜವಾಗಿ ಹೇಳಿ ತಮ್ಮ ಕೋಣೆಗೆ ಹೋದರು.

ಅಕ್ಕ ಕಪಾಟು ತೆರೆದು ಒಂಬತ್ತು ವರ್ಷದ ಹಿಂದಿನ ರಿಜಿಸ್ಟರ್ ಇಳಿಸಿದಳು. ಪುಟ ತಿರುವುತ್ತ ಹೋದಂತೆ ನೀಲಿ ಕೆಂಪು, ನೀಲಿ ಕೆಂಪು. ನಾನೂರ ಹದಿನೇಳರ ಮುಂದೆ ನೀಲಿ ಮಾತ್ರ ಇತ್ತು.

ಆಗ ಎಲ್ಲ ನೆನಪಾಯಿತು. ಅವತ್ತು ಎಂಜೈಮಿನ ಟ್ಯೂಬಿನ ತಳದಲ್ಲಿ ಉಳಿದಿದ್ದದ್ದು ಒಂದೇ ತೊಟ್ಟು. ಹೊಸದು ಬರಲು ಇನ್ನೊಂದು ವಾರವಿತ್ತು. ಬೇರೆಯವರದಾಗಿದ್ದರೆ ಬಡಪೆಟ್ಟಿಗೆ ಒಪ್ಪದೆ ಕಾಯಿಸುತ್ತಿದ್ದಳು. ಆದರೆ ಅತ್ತಿಗೆ ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದರು. ಅವಳಿಗೂ ಜೀವ ತಡೆಯುತ್ತಿರಲಿಲ್ಲ. ಇದ್ದ ಒಂದು ತೊಟ್ಟನ್ನು ಪರೀಕ್ಷೆಯ ಹಳೆಯ ಸ್ಯಾಂಪಲಿಗೆ ಹಾಕದೆ ಅಣ್ಣನದಕ್ಕೆ ಹಾಕಿದ್ದಳು. ನರ್ಸುಗಳ ಜೊತೆ ಸೇರಿ ಅಣ್ಣನನ್ನು ಛೇಡಿಸುವ ಗಲಾಟೆಯಲ್ಲಿ ಆ ಎಂಜೈಮಿನ ಟ್ಯೂಬು ಅದಕ್ಕೂ ಮೊದಲೇ ಐಸು ಪೂರಾ ಕರಗಿದ ತಟ್ಟೆಯಲ್ಲಿ ಎಷ್ಟು ಹೊತ್ತು ಕೂತಿತ್ತೋ, ತಂಪಿಲ್ಲದೆ ಎಂಜೈಮ್ ಆಗಲೇ ಸತ್ತಿರಬೇಕು. ತುಂಡಾಗದ ಗೆರೆ ಕಂಡ ಕೂಡಲೇ ಕುಣಿದಾಡಿ ಫೋನು ಮಾಡಿ ಹೇಳಿಬಿಟ್ಟಳು. ಒಂದು ವಾರದ ಮೇಲೆ ಹೊಸ ಎಂಜೈಮ್ ಬಂತು. ಹೇಳಿಯಾದದ್ದನ್ನು ಮತ್ತೆ ಕೆದಕಿ ನೋಡಲು ಅವಳಿಗೆ ಮನಸ್ಸು ಬರಲಿಲ್ಲ. ಊರವರಿಗೆಲ್ಲ ಎರಡೆರಡು ಸಲ ನೋಡಿದವಳು ಒಡಹುಟ್ಟಿದವನಿಗೆ ಒಂದೇ ಸಲ ನೋಡಿದ್ದಳು. ಕಾರಣ, ಅವಳಿಗೆ ಬೇಕಾಗಿದ್ದ ಉತ್ತರ ಬಂದಿತ್ತು.

ಈಗ ಅವಳ ಮುಂದೆ ಸುಲಭದ ದಾರಿಯೊಂದು ತೆರೆದೇ ಇತ್ತು. ಲೇಬಲ್ ತಪ್ಪೆಂದು ಮೇಡಂ ತಾವಾಗಿಯೇ ಹೇಳಿದ್ದರು. ಹೊಸ ಎಂಜೈಮ್ ಬಂದಿದೆ, ಹಳಬರದೆಲ್ಲ ಮತ್ತೊಮ್ಮೆ ನೋಡುತ್ತಿದ್ದೇವೆ ಎಂದು ಅಣ್ಣನನ್ನು ಕರೆಸಿದರೆ ಮುಗಿಯಿತು. ಅವನಿಗೆ ಚಿಕಿತ್ಸೆಯೂ ಸಿಗುತ್ತದೆ, ಇವಳ ಮೂವತ್ತೆರಡು ವರ್ಷಕ್ಕೆ ಕಲೆಯೂ ಹತ್ತುವುದಿಲ್ಲ. ರಿಜಿಸ್ಟರ್ ಎದೆಗೆ ಒತ್ತಿಕೊಂಡು ಅವಳು ಫ್ರೀಜರಿನ ಪಕ್ಕ ಎರಡು ನಿಮಿಷ ನಿಂತಳು. ಆ ಎರಡು ನಿಮಿಷಕ್ಕಾಗಿ ಬಯ್ಯುವವರು ಬಯ್ಯಲಿ, ನಾನಂತೂ ಬಯ್ಯಲಾರೆ. ಆಮೇಲೆ ಹೋಗಿ ಮೇಡಂ ಮೇಜಿನ ಮೇಲೆ ಪುಟ ತೆರೆದಿಟ್ಟು, ಲೇಬಲ್ ಸರಿಯಾಗಿದೆ, ತಪ್ಪಿದ್ದು ನಾನು, ಇದು ನನ್ನ ಅಣ್ಣನದು ಎಂದು ಹೇಳಿದಳು.

ಆ ವರ್ಷದ, ಅದರ ಹಿಂದುಮುಂದಿನ ವರ್ಷಗಳ ಪುಟಗಳನ್ನೆಲ್ಲ ಇಬ್ಬರೂ ಕೂತು ತಿರುವಿದರು. ಒಂಟಿ ಗುರುತು ಇನ್ನೆಲ್ಲೂ ಇರಲಿಲ್ಲ. ಮೇಡಂ ತಪ್ಪನ್ನು ಬರೆದುಕೊಂಡರು, ಬರೆಯಲೇಬೇಕಿತ್ತು. ಬರೆದು ಮುಗಿಸಿ, ನೀವು ಈಗಲೇ ಅವರ ಹತ್ತಿರ ಹೋಗಿ ಅಕ್ಕ, ಜೆಲ್ ನಾನು ತೊಳೆದಿಡುತ್ತೇನೆ ಎಂದರು.

ಅಂಗಡಿಯಲ್ಲಿ ಅಣ್ಣ ಒಂದು ಶರಟಿನ ಕಾಲರು ಕೂಡಿಸುತ್ತಿದ್ದ. ಅತ್ತಿಗೆ ಮೇಜಿನ ಬಳಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಆಫೀಸಿನ ಹೊತ್ತಿನಲ್ಲಿ ತಂಗಿ ಬಂದದ್ದು ನೋಡಿ ಅಣ್ಣ ಯಂತ್ರ ನಿಲ್ಲಿಸಿದ. ಅವಳು ನಿಂತೇ ಹೇಳಿದಳು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ನಿನಗೆ ಕಾಯಿಲೆ ಇದೆ, ಅಪ್ಪನದೂ ಅದೇ, ಅವತ್ತು ನಾನು ಇಲ್ಲ ಅಂದದ್ದು ಸುಳ್ಳು ಎಂದು ಮೂರು ತುಂಡು ಮಾಡಿ ಹೇಳಿದಳು. ಅತ್ತಿಗೆಯ ಕೈಯಿಂದ ಸೀಮೆಸುಣ್ಣ ಬಿತ್ತು. ಒಂಬತ್ತು ವರ್ಷ ಎಂದು ಅವರು ಸಣ್ಣಗೆ ಹೇಳಿ ಅಲ್ಲೇ ಕುಳಿತರು. ಅವರಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ.

ಅಣ್ಣ ತನ್ನ ಊದಿದ ಗೆಣ್ಣುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ ಖಾನೆ ಎಳೆದು, ಬಾಬಿನುಗಳ ಕೆಳಗಿಂದ ಆ ವರದಿ ತೆಗೆದು, ಮಡಿಕೆ ಬಿಡಿಸಿ ಓದಿದ. ಓದಿ ಮುಗಿಸಿ ತಲೆ ಎತ್ತಿದ.

“ಅವತ್ತು ಚಿಂದಿ ಕತ್ತರಿಸಿ ನೋಡಲಿಲ್ವೇನೇ?”

“ಇಲ್ಲ ಅಣ್ಣ. ಒಂದೇ ತೊಟ್ಟು ಉಳಿದಿತ್ತು. ನಿನ್ನದಕ್ಕೆ ಹಾಕ್ಬಿಟ್ಟೆ.”

ಬೀದಿಯಲ್ಲಿ ಬೀಗದವನು ಕೀಲಿಕೈಗೆ ಅರ ಉಜ್ಜುವ ಸದ್ದು ಕೇಳಿಸುತ್ತಿತ್ತು. ನಾಳೆ ಬಂದು ಹೊಸದಾಗಿ ರಕ್ತ ಕೊಡು, ಈ ಸಲ ನಾನು ಮುಟ್ಟುವುದಿಲ್ಲ, ಮೇಡಂ ಕೈಯಲ್ಲೇ ಮಾಡಿಸುತ್ತೇನೆ ಎಂದು ಅಕ್ಕ ಹೇಳಿದಳು. ಅಣ್ಣ ಬೇಡವೆಂದು ತಲೆಯಾಡಿಸಿದ.

“ನೀನೇ ಮಾಡು. ಆದ್ರೆ ತಂಗಿಯಾಗಿ ಮಾಡಬೇಡ ಕಣೇ. ನಾನು ಯಾರೋ ಗಿರಾಕಿ ಅಂದ್ಕೊಂಡು ಮಾಡು.”

ಅಕ್ಕ ಹಾಗೆಯೇ ಮಾಡಿದಳು. ಹೊಸ ರಕ್ತಕ್ಕೆ ಹೊಸ ನಂಬರು ಕೊಟ್ಟಳು. ಪಕ್ಕದಲ್ಲಿ ಹಳೆಯ ಸ್ಯಾಂಪಲ್ ಇಟ್ಟಳು, ಟ್ಯೂಬಿನೊಳಗೇ ಮೊದಲ ಕತ್ತರಿ ಬಿದ್ದಿದೆಯೇ ನೋಡಿದಳು, ನೀಲಿ ಗುರುತು ಹಾಕಿದಳು. ಅತ್ತಿಗೆ ಎರಡು ಸಲ ಫೋನು ಮಾಡಿದಾಗ ಎರಡು ಸಲವೂ ಇನ್ನೂ ಆಗಿಲ್ಲ ಎಂದಳು. ಮೂರು ದಿನ ಬಿಟ್ಟು ಎಲ್ಲವನ್ನೂ ಮೊದಲಿಂದ ಮಾಡಿ ಕೆಂಪು ಗುರುತು ಹಾಕಿದ ಮೇಲೆ ವರದಿ ಬಾಗಿಲು ದಾಟಿತು. ಉತ್ತರ ಬದಲಾಗಲಿಲ್ಲ. ಯಕೃತ್ತಿಗೆ ಏಟು ಬಿದ್ದಿದೆ, ಆದರೆ ಕೈಮೀರಿಲ್ಲ ಎಂದು ಡಾಕ್ಟರು ಹೇಳಿದರು. ಗೆಣ್ಣಿನ ನೋವು ಪೂರ್ತಿ ಹೋಗುವ ಭರವಸೆ ಕೊಡಲಿಲ್ಲ. ವಾರಕ್ಕೊಮ್ಮೆ ರಕ್ತ ತೆಗೆಯಬೇಕು ಎಂದರು. ಸೂಜಿಗೆ ಹೆದರುವವನಿಗೆ ವಾರಕ್ಕೊಂದು ಸೂಜಿ.

ಮೊದಲ ವಾರ ಅಣ್ಣ ಮಂಚದ ಮೇಲೆ ಮಲಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದ. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅಂಗಡಿಯಿಂದ ಬಂದ ಮೇಲೆ ಅವಳು ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ನರ್ಸು ಅವನ ತೋಳಿಗೆ ಪಟ್ಟಿ ಕಟ್ಟಿ ಸೂಜಿ ಎತ್ತಿಕೊಂಡಾಗ ಅಣ್ಣ ಕಣ್ಣು ಮುಚ್ಚಿಕೊಂಡೇ, ಸೂಜಿ ಚೂಪಾಗಿದೆಯೋ ಇಲ್ಲವೋ ಚಿಂದಿ ಮೇಲೆ ನೋಡಿಕೊಂಡಿದ್ದೀರಾ ಸಿಸ್ಟರ್ ಎಂದು ಕೇಳಿದ. ನರ್ಸಿಗೆ ಅರ್ಥವಾಗಲಿಲ್ಲ. ಅಕ್ಕ ನಗಲು ಹೋಗಿ ಅತ್ತುಬಿಟ್ಟಳು. ಅಣ್ಣ ಗೋಡೆಯ ಕಡೆ ನೋಡುತ್ತಲೇ ಇನ್ನೊಂದು ಕೈ ಚಾಚಿ ಅವಳ ಕೈ ಹಿಡಿದ. ಗೆಣ್ಣು ನೋಯುತ್ತಿದ್ದಿರಬೇಕು, ಆದರೂ ರಕ್ತದ ಚೀಲ ತುಂಬುವ ತನಕ ಬಿಡಲಿಲ್ಲ.